ಕಲ್ಲಿನ ಗಲ್ಲ, ಅತ್ತೆಯವರ ಕುರ್ಪಿ

ನಮ್ಮ ಮನೆಯಲ್ಲಿ ಹಾಲು ಕಾಸುವ ಪಾತೇಲಿಯ ತಳ ಕೆರೆಯುವಂತಿರಲಿಲ್ಲ. ಸೊಸೆಯಾಗಿ ವಾಡಿಯ ಈ ಕ್ವಾರ್ಟರ್ಸಿಗೆ ಬಂದ ಮೊದಲ ವಾರವೇ ನನಗೆ ಈ ಕಾನೂನು ತಿಳಿಯಿತು. ಹಾಲು ತಳ ಹಿಡಿದಿತ್ತು. ಸೇಡಂನ ನಮ್ಮ ತವರಿನಲ್ಲಿ ಹಾಗೆ ಹಿಡಿದದ್ದನ್ನು ಸ್ಟೀಲ್ ಚಮಚದಿಂದ ಕೆರೆದು, ಮೇಲೆ ಸಕ್ಕರೆ ಉದುರಿಸಿ ತಿನ್ನಲು ನಾವು ಅಕ್ಕತಂಗಿಯರು ಜಗಳಾಡುತ್ತಿದ್ದೆವು. ಆ ಆಸೆಯಿಂದ ಚಮಚ ಹಾಕಿ ಒಂದು ಸಲ ಎಳೆದಿದ್ದೆ, ಅಷ್ಟೇ. ಅಂಗಳದಲ್ಲಿ ಕೂತಿದ್ದ ಅತ್ತೆಯವರು ಎದ್ದು ಬಂದು ಪಾತೇಲಿಯನ್ನು ಕಸಿದುಕೊಂಡರು.

"ಕೆರೀಬ್ಯಾಡ. ನೀರ ಹಾಕಿ ಇಡು, ತಾನಾ ಬಿಡ್ತದ" ಅಂದರು.

ಬೈಗುಳವಲ್ಲ, ಆದರೆ ಮುಖ ಬಿಳಿಚಿಕೊಂಡಿತ್ತು. ಹೊಸ ಸೊಸೆ ನಾನು, ಹಾಲಿಗೂ ಜಿಪುಣತನವೇ ಅಂದುಕೊಂಡೆ. ಆಮೇಲೆ ಒಂದೊಂದೇ ಕಂಡಿತು. ಕಬ್ಬಿಣದ ಮಂಚದ ಕಾಲಿಗೆ ಹಳೆ ಚಪ್ಪಲಿಯ ರಬ್ಬರ್ ಕತ್ತರಿಸಿ ಕಟ್ಟಿದ್ದರು, ಶಹಾಬಾದಿನ ಫರಸಿಕಲ್ಲು ಹಾಸಿದ ನೆಲದ ಮೇಲೆ ಎಳೆದಾಗ ಸಪ್ಪಳ ಬರಬಾರದು ಅಂತ. ನಾನು ಬ್ಲೌಸ್ ಹೊಲಿಯುವವಳು. ನನ್ನ ಹೊಲಿಗೆ ಮಷೀನು ಬಂದ ದಿನ ಅದರ ಕಾಲಿಗೂ ರಬ್ಬರ್ ಬಂತು. ಪಕ್ಕದ ಮನೆಯಲ್ಲಿ ಗೌಂಡಿ ಫರಸಿ ಕೂಡಿಸುವಾಗ ಅತ್ತೆಯವರು ನಾಲ್ಕು ದಿನ ಚಿಮ್ಮನಚೋಡದ ತಂಗಿಯ ಮನೆಗೆ ಹೋಗಿ ಕೂತರು. ಕಲ್ಲಿನ ಮೇಲೆ ಕಬ್ಬಿಣ ಎಳೆದ ಸದ್ದು ಅವರಿಗೆ ಆಗಿಬರುವುದಿಲ್ಲ ಅಂತ ಎಲ್ಲರೂ ಒಪ್ಪಿಕೊಂಡಿದ್ದರು. ಯಾಕೆ ಅಂತ ಯಾರೂ ಕೇಳಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಚಮಚದ ವಿಷಯದಲ್ಲಿ ನನ್ನ ಕಾಲ ಹದಿನಾಲ್ಕು ವರ್ಷವಾದರೂ ಬಂದಿರಲಿಲ್ಲ.

ಹೋದ ಮಳೆಗಾಲದಲ್ಲಿ ಅವರ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದವರೇ ತಲೆ ಎತ್ತಿ ಫ್ಯಾನು ನೋಡಿದರು. "ಎಷ್ಟ ಧೂಳ ಕುಂತದಲ್ಲ" ಅಂದರು. ಆಮೇಲೆ ನನ್ನ ತಲೆ ನೋಡಿದರು. "ನಿನಗೂ ಬಿಳಿಕೂದಲ ಬಂದಾವು ಬಿಡು" ಅಂದರು. ಒಂದು ವಾರ ನಾನು ಹಲ್ಲು ಕಚ್ಚಿಕೊಂಡು ಓಡಾಡಿದೆ. ಆದರೆ ಅದೇ ಕಣ್ಣಿನಿಂದ ಅವರು ಬೇವಿನ ಮರ ನೋಡುತ್ತಿದ್ದರು, ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದರು, ಮೊಮ್ಮಗಳ ಹುಬ್ಬಿನ ಹತ್ತಿರದ ಮಚ್ಚೆ ನೋಡಿ ಇದು ಯಾವಾಗಿನದು ಅಂತ ಕೇಳುತ್ತಿದ್ದರು. ಹನ್ನೊಂದು ವರ್ಷದ ಮಗಳು ಅದು ಹುಟ್ಟಿದಾಗಿನಿಂದ ಇದೆ ಅಂದಾಗ ಮುದುಕಿ ಎಷ್ಟೋ ಹೊತ್ತು ಅವಳ ಮುಖ ಹಿಡಿದುಕೊಂಡೇ ಇದ್ದರು.

ದಸರಾ ರಜೆ ಬಂತು. ನಮ್ಮ ಮನೆಯವರಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಎರಡು ದಿನ ಸೂಟಿ ಸಿಕ್ಕಿತು, ಗೆಳೆಯನ ಕಾರೂ ಸಿಕ್ಕಿತು. ಎಲ್ಲಿಗೆ ಹೋಗುವುದು ಅಂತ ರಾತ್ರಿ ಊಟಕ್ಕೆ ಕೂತಾಗ ಚರ್ಚೆ. ಚಿಂಚೋಳಿಯ ಕಾಡು, ಅಲ್ಲಿಯ ಡ್ಯಾಮು ಅಂತ ಅವರಂದರು. ಮಳಖೇಡದ ಕೋಟೆ ಅಂತ ನಾನಂದೆ. ತವರಿನ ಕಡೆಯ ಕೋಟೆಯನ್ನು ಹತ್ತು ಸಲ ತೋರಿಸಿದರೂ ನಿನಗೆ ಸಾಕಾಗುವುದಿಲ್ಲ ಅಂತ ಗೇಲಿ ಮಾಡಿದರು. ಆಗ ಅತ್ತೆಯವರು ರೊಟ್ಟಿ ಮುರಿಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು.

"ದಿಬ್ಬಕ್ಕ ಹೋಗೂಣು."

ನಮ್ಮ ಮನೆಯವರು ಬಾಯಲ್ಲಿದ್ದ ತುತ್ತನ್ನು ಹಾಗೇ ಇಟ್ಟುಕೊಂಡು ಅವ್ವನನ್ನು ನೋಡಿದರು. ದಿಬ್ಬ ಅಂದರೆ ಭೀಮಾ ನದಿಯ ದಂಡೆಗೆ, ಚಿತ್ತಾಪುರ ತಾಲೂಕಿನಲ್ಲಿರುವ ಒಂದು ಹಾಳು. ಅತ್ತೆಯವರ ತವರಿನಿಂದ ಅಲ್ಲಿಗೆ ನಡೆದು ಹೋಗುವಷ್ಟೇ ದೂರ. ಮೂವತ್ತು ವರ್ಷಕ್ಕೂ ಹಿಂದೆ ಅದನ್ನು ಅಗೆದಾಗ ಎರಡು ಸಾವಿರ ವರ್ಷದ ಬೌದ್ಧ ಸ್ತೂಪವೊಂದರ ಕಲ್ಲುಗಳು ಸಿಕ್ಕವು. ಈಗ ತಂತಿಬೇಲಿ, ಹುಲ್ಲುಹಾಸು, ಬೇವಿನ ಮರಗಳ ನೆರಳು ಎಲ್ಲ ಇದ್ದು, ರಜೆಗೆ ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ನಮ್ಮ ಮನೆಯವರು ಮಾತ್ರ ಹೋಗಿರಲಿಲ್ಲ. ಏಳನೆಯ ಇಯತ್ತೆಯಲ್ಲಿ ಶಾಲೆಯವರೆಲ್ಲ ಹೋದಾಗ ಅವ್ವ ಇವರೊಬ್ಬರನ್ನೇ ಕಳಿಸದೆ ಮನೆಯಲ್ಲಿ ಕೂಡಿಸಿಕೊಂಡಿದ್ದರಂತೆ. ಆ ಸಿಟ್ಟು ಅವರಿಗೆ ಆಗಲೂ ಇತ್ತು.

ಊರಿನ ಹೆಸರು ನಾನು ಬರೆಯುವುದಿಲ್ಲ. ಅತ್ತೆಯವರ ಷರತ್ತು ಅದು. ಕಾರಣ ಮುಂದೆ ತಿಳಿಯುತ್ತದೆ.

ಬೆಳಿಗ್ಗೆ ಎದ್ದು ನಾನು ಕಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಕಟ್ಟಿದೆ. ಕಾರು ಕಾರ್ಖಾನೆಯ ಚಿಮಣಿಗಳನ್ನು ಹಿಂದೆ ಬಿಟ್ಟು ಹೊರಟಿತು. ರಸ್ತೆಯ ಪಕ್ಕ ಕಲ್ಲಿನ ಗಣಿಗಳು, ಅವುಗಳ ಮುಂದೆ ನಿಲ್ಲಿಸಿಟ್ಟ ಫರಸಿಗಳ ಸಾಲು. ಅದು ದಾಟಿದ ಮೇಲೆ ಕರಿ ನೆಲ. ತೊಗರಿ ಸೊಂಟದ ಮೇಲೆ ಬೆಳೆದು ಅಲ್ಲಲ್ಲಿ ಹಳದಿ ಹೂವು ತಳೆದಿತ್ತು. ನಮ್ಮ ಸೀಮೆಯನ್ನು ಬಿಸಿಲಿನ ನಾಡು ಅಂತ ಹೇಳಿ ಮೂಗು ಮುರಿಯುವವರು ಆ ತಿಂಗಳಲ್ಲಿ ಒಮ್ಮೆ ಬಂದು ನೋಡಬೇಕು. ಹಸಿರು, ಕಪ್ಪು, ಹಳದಿ, ಇಷ್ಟೇ ಬಣ್ಣ. ಆದರೆ ಇಂಥ ಬಣ್ಣ ಕೂಡಿಸಿ ಸೀರೆ ನೇಯ್ದವರನ್ನು ನಾನು ಕಂಡಿಲ್ಲ. ಅತ್ತೆಯವರು ಕಿಟಕಿಗೆ ಹಣೆ ಹಚ್ಚಿ ನೋಡುತ್ತಿದ್ದರು.

"ತೊಗರಿ ಹೂವಿನಾಗ ಕೆಂಪ ಗೆರಿ ಇರ್ತದ. ಮರತೇ ಹೋಗಿತ್ತು ನನಗ" ಅಂದರು.

ನಡುದಾರಿಯಲ್ಲಿ ಒಂದು ಹೋಟೆಲ್ಲಿನ ಮುಂದೆ ನಿಂತೆವು. ಕಾರಿನ ಗಾಲಿಗೆ ಗಾಳಿ ಹಾಕಿಸಲು ತಂದೆ ಮಗಳು ಹೋದರು. ನಾವಿಬ್ಬರೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಅತ್ತೆಯವರು ಎರಡು ಗುಟುಕು ಕುಡಿದು ಚಹಾದ ಬಸಿಯನ್ನು ಕೆಳಗಿಟ್ಟರು. ಆರಾಮಿಲ್ಲೇನು, ವಾಪಸ್ ಹೋಗೋಣವೇ ಅಂತ ಕೇಳಿದೆ. ಮನಸ್ಸಿನಲ್ಲಿ ಮಾತ್ರ, ಇಷ್ಟು ಬುತ್ತಿ ಕಟ್ಟಿಸಿ ಈಗ ವಾಪಸ್ ಅಂದರೆ ನೋಡಿ ಅಂತ ಬೈದುಕೊಳ್ಳುತ್ತಿದ್ದೆ.

"ನಾ ಅಲ್ಲಿ ಒಂದ್ ಮೂರ್ತಿಗಿ ಗಾಯ ಮಾಡೀನಿ" ಅಂದರು ಅತ್ತೆಯವರು.

ಅವರು ಹೇಳಿದ್ದನ್ನು ನಾನು ಸಾಧ್ಯವಾದಷ್ಟು ಹಾಗೇ ಬರೆಯುತ್ತೇನೆ. ದಿಬ್ಬ ಅಗೆಯುವಾಗ ಸುತ್ತಲಿನ ಊರಿನ ಹೆಣ್ಣುಮಕ್ಕಳು ಕೂಲಿಗೆ ಹೋಗುತ್ತಿದ್ದರು. ಇವರೂ ತವರಿಗೆ ಬಂದಿದ್ದಾಗ ಹೋದರು. ಮಗನಿಗೆ ಆಗ ಐದು ವರ್ಷ. ಹೊರಗಿನಿಂದ ಬಂದ ಸಾಹೇಬರು ನೆಲಕ್ಕೆ ದಾರ ಕಟ್ಟಿ ಚೌಕ ಮಾಡುತ್ತಿದ್ದರು. ಒಂದೊಂದು ಚೌಕಕ್ಕೆ ಇಬ್ಬರು ಹೆಂಗಸರು. ಮೇಲಿನ ಮಣ್ಣು ಬುಟ್ಟಿಯಲ್ಲಿ ಹೊರುವುದು, ಕೆಳಗೆ ಹೋದ ಹಾಗೆ ಸಣ್ಣ ಹತಾರದಿಂದ ಮೆಲ್ಲಗೆ ಬಿಡಿಸುವುದು. ಅಂಥ ಹತಾರ ಎಲ್ಲರಿಗೂ ಸಾಲುತ್ತಿರಲಿಲ್ಲ. ಹಾಗಾಗಿ ಹೆಂಗಸರು ಹೊಲದಲ್ಲಿ ಕಸ ತೆಗೆಯುವ ತಮ್ಮ ತಮ್ಮ ಕುರ್ಪಿಗಳನ್ನೇ ಮನೆಯಿಂದ ತರುತ್ತಿದ್ದರು. ಕಲ್ಲು ಕಂಡ ಕೂಡಲೆ ಕೈ ನಿಲ್ಲಿಸಿ ಸಾಹೇಬರನ್ನು ಕೂಗಬೇಕು. ಅದೊಂದೇ ಹುಕುಂ.

"ಮಧ್ಯಾಹ್ನ ಎಲ್ಲಾರೂ ಉಣ್ಣಾಕ ಹೋಗಿದ್ರು. ನಾ ಒಬ್ಬಾಕೀನೇ ಇದ್ದೆ. ಮಣ್ಣಾಗ ಒಂದ್ ಗದ್ದ ಕಂಡ್ತು. ಹೆಣ್ಣಿನ ಗದ್ದ. ಕೂಗಬೇಕಿತ್ತು, ಕೂಗಲಿಲ್ಲ. ಆಕೀ ಕಣ್ಣ ನೋಡಬೇಕಂತ ಆಸಿ ಆಯ್ತು ನನಗ."

ಅವರ ಕೈ ಹೊಲದ ಕೈ. ಹತ್ತು ವರ್ಷದಿಂದ ತೊಗರಿಯಲ್ಲಿ, ಶೇಂಗಾದಲ್ಲಿ ಕಸ ತೆಗೆದ ಕೈ. ಕುರ್ಪಿಯನ್ನು ನೆಲಕ್ಕೆ ಕುಟ್ಟಿ ತನ್ನ ಕಡೆಗೆ ಎಳೆದುಕೊಳ್ಳುವುದು ಅದಕ್ಕೆ ಗೊತ್ತಿದ್ದ ರೀತಿ. ಹಾಗೇ ಎಳೆಯಿತು. ಕರ್ ಅಂತ ಸಪ್ಪಳ ಬಂತು. ಕಲ್ಲಿನ ಹೆಣ್ಣಿನ ಗಲ್ಲದ ಮೇಲೆ ಸುಣ್ಣ ಬಳಿದಂತೆ ಬಿಳಿ ಗೀರು ಬಿತ್ತು. ಉಗುಳು ಹಚ್ಚಿ, ಮಣ್ಣು ತಿಕ್ಕಿ ಅದನ್ನು ಮರೆಮಾಡಿದರು. ಸಾಹೇಬರು ಊಟ ಮುಗಿಸಿ ಬಂದು ಆ ಮುಖ ನೋಡಿ ಹಿಗ್ಗಿ, ಬಿಡಿಸಿದವರು ಯಾರು ಅಂತ ಕೇಳಿದರು. ಎಲ್ಲ ಹೆಂಗಸರನ್ನೂ ಕರೆದು ಈ ಅಕ್ಕನ ಕೈ ನೋಡಿ ಕಲಿಯಿರಿ ಅಂದರು. ಮರುದಿನ ಬುಟ್ಟಿ ಬಿಡಿಸಿ ಕೈಗೆ ಬ್ರಷ್ ಕೊಟ್ಟರು.

"ಬೈದಿದ್ರ ಒಂದಿನಕ್ಕ ಮುಗೀತಿತ್ತು. ಹೊಗಳಿದ ಆ ಪುಣ್ಯಾತ್ಮ. ಅದು ಇವತ್ತಿಗೂ ಮುಗಿದಿಲ್ಲ" ಅಂದರು ಅತ್ತೆಯವರು. "ಈಗ ಕಣ್ಣ ಬಂದಾವ. ಎಷ್ಟ ದೊಡ್ಡ ಗಾಯ ಮಾಡೀನಿ, ಒಮ್ಮಿ ನೋಡಬೇಕು. ನೋಡಿ ಆಕೀಗಿ ತಪ್ಪಾಯ್ತು ಅನ್ನಬೇಕು. ಮಗನಿಗ ಹೇಳಬ್ಯಾಡ."

ನನಗೆ ಮೊದಲು ಬಂದದ್ದು ನಾಚಿಕೆ. ಹದಿನಾಲ್ಕು ವರ್ಷ ಇವರ ಚಮಚದ ಕಾನೂನನ್ನು ತವರಿನಲ್ಲಿ ಹೇಳಿ ನಕ್ಕಿದ್ದೆ. ಸಮಾಧಾನಕ್ಕೆ ಏನು ಹೇಳಬೇಕೋ ತಿಳಿಯದೆ ನನ್ನ ಗುಟ್ಟೊಂದನ್ನು ಹೇಳಿದೆ. ಒಬ್ಬರ ರೇಷ್ಮೆ ಬ್ಲೌಸಿನ ಬಗಲಲ್ಲಿ ನನ್ನ ಕತ್ತರಿ ಜಾರಿ ತೂತಾಗಿತ್ತು. ಒಳಗೊಂದು ಪಟ್ಟಿ ಕೂಡಿಸಿ ಹೊಲಿದು ಕೊಟ್ಟೆ. ಆಕೆ ಇಂಥ ಫಿಟಿಂಗ್ ಯಾರೂ ಕೊಟ್ಟಿಲ್ಲ ಅಂತ ಇವತ್ತಿಗೂ ನನ್ನ ಹತ್ತಿರವೇ ಬರುತ್ತಾಳೆ. ಅತ್ತೆಯವರು ಕೇಳಿಸಿಕೊಂಡು, "ಅದು ಬಟ್ಟಿ" ಅಂದರು.

ದಿಬ್ಬ ಮುಟ್ಟಿದಾಗ ಬಿಸಿಲು ಏರಿತ್ತು. ಗೇಟಿನಲ್ಲಿ ಐವತ್ತರ ಆಸುಪಾಸಿನ ಕಾವಲುಗಾರ ಕುರ್ಚಿ ಹಾಕಿಕೊಂಡು ಕೂತಿದ್ದ. ಬೇರೆ ಜನವೇ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅಂತ ನಮ್ಮ ಮನೆಯವರು ನನ್ನ ಕಿವಿಯಲ್ಲಿ ಅಂದರು. ಆದರೆ ಆ ಗೌಡ ಮೇಲೆದ್ದು, "ಬರ್ರಿ, ಬರ್ರಿ. ಮೊದಲ ನೆರಳಿಗಿ ಕುಂದ್ರಿ, ನೀರ ಕುಡೀರಿ. ಕಲ್ಲು ಎಲ್ಲೂ ಓಡಿ ಹೋಗಂಗಿಲ್ಲ" ಅಂದಾಗ ಇವರೇ ಮೆತ್ತಗಾದರು.

ನಾನು ಹಾಳು ಅಂದರೆ ಮುರಿದು ಬಿದ್ದ ಗೋಡೆ ಅಂದುಕೊಂಡಿದ್ದೆ. ಅಲ್ಲಿ ಇದ್ದದ್ದು ಬೇರೆ. ಇಟ್ಟಿಗೆಯ ದೊಡ್ಡ ಗುಂಡನೆಯ ಅಡಿಪಾಯ, ಅದರ ಸುತ್ತ ಕಲ್ಲು ಹಾಸಿದ ದಾರಿ. ಕೆಳಗೆ ಮರಗಳ ಸಂದಿಯಲ್ಲಿ ಭೀಮಾ ನದಿ, ಮಳೆಗಾಲದ ಕೆಂಪು ಇಳಿದು ತಿಳಿಯಾಗಿ ಹರಿಯುತ್ತಿತ್ತು. ತಗಡಿನ ಮಾಡಿನ ಕೆಳಗೆ ಕೆತ್ತಿದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಆನೆಗಳು, ಮರ, ಮರದ ಕೆಳಗೆ ಕೈಮುಗಿದ ಜನ, ಹೂವಿನ ಸರ ಹೊತ್ತ ಕುಳ್ಳರು. ನಾನು ದೇವರನ್ನು ನೋಡುವುದು ಬಿಟ್ಟು ಬಟ್ಟೆ ನೋಡತೊಡಗಿದೆ. ಒಂದು ಹೆಣ್ಣು ಸೊಂಟದ ಸೆರಗನ್ನು ಎಲ್ಲಿ ಸಿಕ್ಕಿಸಿ ಎಲ್ಲಿ ಇಳಿಬಿಟ್ಟಿದ್ದಾಳೆ ಅಂತ ಕಲ್ಲಿನಲ್ಲಿ ಗೊತ್ತಾಗುತ್ತಿತ್ತು. ನೆರಿಗೆಯ ಅಂಚು ಒಂದರ ಮೇಲೊಂದು ಎಷ್ಟು ಸಮನಾಗಿ ಕೂತಿತ್ತೆಂದರೆ, ಇಸ್ತ್ರಿ ಪೆಟ್ಟಿಗೆ ಕೊಟ್ಟರೂ ನನ್ನಿಂದ ಹಾಗೆ ಕೂಡಿಸಲು ಆಗುವುದಿಲ್ಲ. ಅದನ್ನು ಕೆತ್ತಿದವನಿಗೆ ಅಳತೆ ಟೇಪು ಇರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಅದು ಹೋಗಿ ಕೈ ಮುಗಿಯಬೇಕು ಅನ್ನಿಸಿತು.

ಅತ್ತೆಯವರು ಯಾವುದನ್ನೂ ಮೆಚ್ಚುವ ಸ್ಥಿತಿಯಲ್ಲಿರಲಿಲ್ಲ. ಒಂದೊಂದೇ ಕಲ್ಲಿನ ಮುಂದೆ ಬಗ್ಗಿ, ಹೆಣ್ಣಿನ ಮುಖ ಇದ್ದಲ್ಲೆಲ್ಲ ಕಣ್ಣು ಕಿರಿದು ಮಾಡಿ ನೋಡಿ ಮುಂದೆ ಹೋಗುತ್ತಿದ್ದರು. ಮೊದಲ ಸಾಲು ಮುಗಿಯಿತು. ಎರಡನೆಯದೂ ಮುಗಿಯಿತು. ನನ್ನ ಹತ್ತಿರ ಬಂದು, "ಇಲ್ಲವ್ವ. ಒಡೆದು ಒಗದಾರೋ ಏನೋ" ಅಂದರು.

ಮಗಳು ಬದಿಯಲ್ಲಿ ಹಾಗೇ ಉಳಿಸಿದ್ದ ಒಂದು ಅಗೆದ ಗುಂಡಿಯ ಹತ್ತಿರ ನಿಂತು, ಮಣ್ಣು ಯಾಕೆ ಪಟ್ಟೆ ಪಟ್ಟೆಯಾಗಿದೆ ಅಂತ ಕೂಗಿ ಕೇಳಿದಳು. ಕಾವಲುಗಾರ ಬಾಯಿ ತೆರೆಯುವ ಮೊದಲೇ ಅತ್ತೆಯವರು ಹೇಳತೊಡಗಿದರು.

"ಮ್ಯಾಲಿಂದು ಕರಿ ಮಣ್ಣು, ಹೊಲದ್ದು. ಅದನ್ನ ಜೋರ ಅಗದ್ರೂ ನಡೀತದ. ಕೆಳಗ ಬೂದಿ ಬಣ್ಣದ್ದು ಬಂತಂದ್ರ ಕೈ ಹಗೂರ ಮಾಡಬೇಕು. ಅದರ ಕೆಳಗ ಇಟ್ಟಂಗಿ ಪುಡಿ. ಅಲ್ಲಿ ಉಸರ ಬಿಗಿ ಹಿಡದು ಕೆಲಸ ಮಾಡಬೇಕವ್ವ."

"ಮಣ್ಣ ಎಲ್ಲಿ ಒಗೀತಿದ್ರಿ ಆಯಿ?" ಅಂತ ಮಗಳು ಅಜ್ಜಿಯನ್ನು ಕೇಳಿದಳು.

"ಒಗಿಯೂದೆಲ್ಲಿ ಬಂತು? ಸಾಣಿಗೀಲೆ ಹಿಡೀತಿದ್ದೆವು." ಖಾಲಿ ಕೈಯಲ್ಲೇ ಎರಡೂ ಕಡೆ ಹಿಡಿದು ಜೋಳಕ್ಕೆ ಜರಡಿ ಹಿಡಿಯುವ ಹಾಗೆ ಸೊಂಟ ಆಡಿಸಿ ತೋರಿಸಿದರು. "ಜೀರಿಗಿಕಿಂತ ಸಣ್ಣ ಮಣಿ ಸಿಗ್ತಿದ್ದವು. ತೂತ ಇರ್ತಿತ್ತು ಅದಕ್ಕ. ಯಾರ ಕೊಳ್ಳಾಗಿಂದೋ."

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅನ್ನುತ್ತಾರಲ್ಲ, ಅಂಥ ಕೆಲಸ ಮಾಡಿದ ಹೆಂಗಸು ನನ್ನ ಒಲೆಯ ಪಕ್ಕ ಹದಿನಾಲ್ಕು ವರ್ಷ ಕೂತು ಸೊಪ್ಪು ಸೋಸಿಕೊಟ್ಟಿದ್ದಾರೆ. ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯವರಿಗೂ ಗೊತ್ತಿರಲಿಲ್ಲ. ಅವ್ವ ದಿಬ್ಬದಲ್ಲಿ ಮಣ್ಣು ಹೊತ್ತಿದ್ದಳು ಅಂತಷ್ಟೇ ಅವರಿಗೆ ನೆನಪು.

ಕಾವಲುಗಾರ ಎರಡು ಹೆಜ್ಜೆ ಹತ್ತಿರ ಬಂದ. "ಅವ್ವಾರ, ಇದೆಲ್ಲ ನಿಮಗ ಹ್ಯಾಂಗ ಗೊತ್ತು?"

"ಇಲ್ಲೇ ಕೂಲಿ ಮಾಡೀನಿ ತಮ್ಮಾ."

ಅವನ ಮುಖ ಅರಳಿತು. ತಾನು ಕೆಲಸಕ್ಕೆ ಸೇರುವಾಗ ಅಗೆತ ಮುಗಿದು ಹೋಗಿತ್ತು, ಅಗೆದವರನ್ನು ಒಬ್ಬರನ್ನಾದರೂ ಕಾಣಬೇಕು ಅಂತ ಇಷ್ಟು ವರ್ಷ ಆಸೆ ಇತ್ತು ಅಂದ. "ನಿಮಗ ನನ್ನ ಪ್ರೀತಿ ಕಲ್ಲ ತೋರಸ್ತೀನಿ ಬರ್ರಿ. ಎಲ್ಲಾರಿಗೂ ಕಡೀಕ ತೋರಸೂದು ನಾ ಅದನ್ನ" ಅಂತ ಮಾಡಿನ ಹಿಂಬದಿಗೆ ಕರೆದುಕೊಂಡು ಹೋದ. ಅಲ್ಲಿ ಗೋಡೆಗೆ ಹೊಂದಿಸಿ ಒಂದೇ ಕಲ್ಲು ನಿಂತಿತ್ತು. ಮುಂದೆ ಹಗ್ಗ ಕಟ್ಟಿ, ಮುಟ್ಟಬಾರದು ಅಂತ ಫಲಕ ಹಾಕಿದ್ದರು.

ಕಲ್ಲಿನಲ್ಲಿ ಒಂದು ಮರ, ಮರದ ಸುತ್ತ ಜನ. ಎಲ್ಲರೂ ಮರದ ಕಡೆ ತಿರುಗಿದ್ದಾರೆ. ಕೊನೆಯಲ್ಲಿ ಕೊಡ ಹೊತ್ತ ಒಬ್ಬಳು ಮಾತ್ರ ಹಿಂದಿರುಗಿ ನಮ್ಮನ್ನೇ ನೋಡುತ್ತಿದ್ದಾಳೆ, ಯಾರೋ ಕರೆದರು ಅನ್ನುವ ಹಾಗೆ. ಅಷ್ಟು ಚೆಂದದ ಮುಖ ನಾನು ಜೀವಂತವಾಗಿಯೂ ಕಂಡದ್ದು ಕಡಿಮೆ. ಅತ್ತೆಯವರು ನನ್ನ ಮುಂಗೈ ಹಿಡಿದರು. ಹಿಡಿದ ರೀತಿಯಲ್ಲೇ ಇದೇ ಅವಳು ಅಂತ ನನಗೆ ತಿಳಿಯಿತು.

"ಆಕೀ ಎಡಗಲ್ಲ ನೋಡ್ರಿ" ಅಂದ ಕಾವಲುಗಾರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಅತ್ತೆಯವರು ಸೆರಗಿನಿಂದ ತಮ್ಮ ಗಲ್ಲವನ್ನೇ ಒರೆಸಿಕೊಂಡರು. "ಒಂದ್ ಗೀರ ಕಾಣಾಕತ್ತದಲ್ಲ? ಕೆತ್ತಿದಾಂವನ ಉಳಿ ಜಾರಿದ ಗುರುತು ಅದು. ಎರಡ ಸಾವಿರ ವರ್ಷದ ಹಿಂದ ಇಷ್ಟ ದೊಡ್ಡ ಕೈಗಾರನೂ ಒಮ್ಮಿ ತಪ್ಪಿದ. ತಪ್ಪಿದ್ರೂ ಕಲ್ಲ ಒಗೀಲಿಲ್ಲ. ಸಾಲಿ ಮಕ್ಕಳು ಬಂದ್ರ ನಾ ಇದನ್ನೇ ಹೇಳ್ತೀನಿ. ತಪ್ಪಾದ್ರ ಅಂಜಬ್ಯಾಡ್ರಿ ಅಂತ."

ಮಗಳು ಮೊಬೈಲಿನಲ್ಲಿ ಆ ಗಲ್ಲದ ಫೋಟೋ ತೆಗೆದಳು. ನಮ್ಮ ಮನೆಯವರು, ಎಂಥ ಮಾತು ಹೇಳಿದಿರಿ ಅಂತ ಕಾವಲುಗಾರನ ಭುಜ ತಟ್ಟಿದರು. ನಾನು ಬಗ್ಗಿ ನೋಡಿದೆ. ಗೀರು ಒಂದು ಜೋಳದ ಕಾಳಿನಷ್ಟು ಉದ್ದ ಇರಬಹುದು. ಬಿಳುಪೆಲ್ಲ ಹೋಗಿ ಕಲ್ಲಿನ ಬಣ್ಣವೇ ಅದಕ್ಕೂ ಬಂದಿತ್ತು. ತೋರಿಸದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ.

ಅತ್ತೆಯವರೂ ಅದನ್ನೇ ನೋಡುತ್ತಿದ್ದರು. "ಇಷ್ಟೇ ಸಣ್ಣದೇನು ಇದು?" ಅಂದರು, ತಮಗೆ ತಾವೇ.

ನನಗೆ ಎದೆ ಹಗುರಾಯಿತು. ಗೀರು ಸಣ್ಣದು. ಅದನ್ನು ಮಾಡಿದವನೂ ಸಿಕ್ಕಿದ್ದಾನೆ, ಎರಡು ಸಾವಿರ ವರ್ಷದ ಹಿಂದೆ ಸತ್ತು ಹೋದವನು, ಅವನಿಗೇನೂ ನಷ್ಟವಿಲ್ಲ. ಕಾವಲುಗಾರನಿಗೆ ಕಥೆ ಇದೆ, ಮಕ್ಕಳಿಗೆ ಬುದ್ಧಿಮಾತು ಇದೆ. ಅತ್ತೆಯವರು ಮನಸ್ಸಿನಲ್ಲೇ ತಪ್ಪಾಯಿತು ಅಂದು ಬಂದರೆ ಬುತ್ತಿ ಬಿಚ್ಚುವುದೊಂದೇ ಬಾಕಿ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ನನ್ನ ರೇಷ್ಮೆ ಬ್ಲೌಸಿನ ಪಟ್ಟಿ ಇವತ್ತಿಗೂ ಹಾಗೇ ಇದೆಯಲ್ಲ. "ನಡೀರಿ ಅತ್ತಿ, ಉಣ್ಣೂಣು" ಅಂತ ತೋಳು ಹಿಡಿದೆ.

ಅವರು ಬಿಡಿಸಿಕೊಂಡರು.

"ತಮ್ಮಾ, ಅದು ಉಳಿ ಅಲ್ಲ. ನನ್ನ ಕುರ್ಪಿ."

ಕಾವಲುಗಾರನಿಗೆ ಅರ್ಥವಾಗಲಿಲ್ಲ. ಅತ್ತೆಯವರು ನೆಲದಿಂದ ಒಂದು ಕಡ್ಡಿ ಎತ್ತಿಕೊಂಡು ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಕುಟ್ಟಿ ತಮ್ಮ ಕಡೆಗೆ ಎಳೆದರು. ಮತ್ತೊಮ್ಮೆ ಎಳೆದರು. "ಕೆತ್ತಾಂವ ಉಳಿ ಹಿಂಗ ಎಳ್ಕೊಳ್ಳಲ್ಲ, ಮುಂದ ತಳ್ತಾನ. ಇದು ಹೊಲದಾಗ ಕಸ ತಗಿಯೂ ಕೈ. ಗೀರ ಯಾವ ಕಡಿ ಆಳ ಅದ, ಯಾವ ಕಡಿ ತೆಳ್ಳಗ ಆಗ್ಯದ, ನೀನಾ ನೋಡು." ಆಮೇಲೆ ಹೋಟೆಲ್ಲಿನ ಬೆಂಚಿನ ಮೇಲೆ ನನಗೆ ಹೇಳಿದ್ದನ್ನೆಲ್ಲ ಹೇಳಿದರು. ಊಟದ ಹೊತ್ತು, ಗದ್ದ, ಕಣ್ಣು ನೋಡುವ ಆಸೆ, ಉಗುಳು, ಮಣ್ಣು, ಸಾಹೇಬರ ಹೊಗಳಿಕೆ. ಒಂದನ್ನೂ ಬಿಡಲಿಲ್ಲ. ಧ್ವನಿಯೂ ನಡುಗಲಿಲ್ಲ. ನನ್ನ ಕಣ್ಣು ಮಾತ್ರ ತುಂಬಿ ಬಂತು.

ಮೊದಲು ಮಾತಾಡಿದವರು ನಮ್ಮ ಮನೆಯವರು. "ಅದಕ್ಕೇನಬೇ ಅವತ್ತು ಸಾಲಿ ಸಂಗಾಟ ನನಗ ಕಳಸಲಿಲ್ಲ?"

"ಹೂಂ. ನೀ ಬಂದು ನೋಡಿ, ಅವ್ವಾ, ಯಾರೋ ಆಕೀ ಗಲ್ಲ ಕೆರದಾರ ಅಂತ ನನಗೇ ಹೇಳ್ತಿದ್ದಿ. ನಾ ಏನ ಮಾಡ್ಲಿ ಆಗ?"

ಅವರು ತಾಯಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಕಾವಲುಗಾರ ಹಗ್ಗದ ಈಚೆಯಿಂದಲೇ ಬಗ್ಗಿ, ತಲೆ ಆ ಕಡೆ ಈ ಕಡೆ ವಾಲಿಸಿ ಗೀರನ್ನು ನೋಡಿದ. ಬಹಳ ಹೊತ್ತು ನೋಡಿದ. ಅವನ ಮುಖ ಸಣ್ಣದಾಗಿತ್ತು.

"ಖರೇ ಅದ. ಎಳದದ್ದೇ" ಅಂದ. "ಹಂಗಾರ ಇಷ್ಟ ವರ್ಷ ನಾ ಬಂದವರಿಗೆಲ್ಲ ಸುಳ್ಳ ಹೇಳೀನಿ."

"ಸುಳ್ಳ ನಂದು. ನಿನಗ ಖರೇ ಹೇಳೂರು ಯಾರೂ ಇದ್ದಿಲ್ಲ."

"ಇನ್ನ ಮ್ಯಾಲ ಏನ ಹೇಳ್ಲಿ ಅವ್ವಾರ? ಉಳಿ ಜಾರ್ತು ಅಂದ್ರ ಚಲೋ ಇತ್ತು. ಮಕ್ಕಳು ಕಿವಿಗೊಟ್ಟು ಕೇಳ್ತಿದ್ರು."

ಅತ್ತೆಯವರು ಮಗನ ಭುಜ ಹಿಡಿದು ಎದ್ದರು. "ಕಸ ತಗಿಯೂ ಹೆಣ್ಣಮಗಳೊಬ್ಬಾಕಿ ಈಕೀನ ಮಣ್ಣಿನಿಂದ ಹೊರಗ ತಗದ್ಳು ಅನ್ನು. ಈಕೀ ಕಣ್ಣ ನೋಡೂ ಅವಸರಕ್ಕ ಗಲ್ಲ ಗೀರಿದ್ಳು ಅನ್ನು. ಮುಚ್ಚಿಟ್ಳು, ಅದೂ ಹೇಳು. ಆಮ್ಯಾಲ ಬಂದು ಒಪ್ಪಕೊಂಡ್ಳು ಅನ್ನು. ಅದನ್ನೂ ಮಕ್ಕಳು ಕೇಳ್ತಾವ."

ಕಾವಲುಗಾರ ತಲೆಯಾಡಿಸಿದ. ಸ್ವಲ್ಪ ಹೊತ್ತಿಗೆ ಆ ಕಡೆ ಈ ಕಡೆ ನೋಡಿ ಹಗ್ಗದ ಕೊಂಡಿ ಬಿಚ್ಚಿದ. ಒಮ್ಮೆ ಮುಟ್ಟಿಕೊಳ್ಳಿ, ನಿಮಗಿಲ್ಲದ್ದು ಯಾರಿಗೆ ಅಂದ. ಅವನ ಈ ಪ್ರೀತಿಗೆ ಮೇಲಿನವರಿಂದ ಅವನಿಗೆ ತೊಂದರೆಯಾಗಬಾರದು ಅಂತಲೇ ಅತ್ತೆಯವರು ನನಗೆ ಊರ ಹೆಸರು ಬರೆಯಬೇಡ ಅಂದದ್ದು. ಮುಟ್ಟಿದ್ದೇನೂ ಇಲ್ಲ. ಕಲ್ಲಿನ ಹತ್ತಿರ ಹೋಗಿ, ಬೆರಳಿನಷ್ಟು ದೂರದಲ್ಲಿ ಗಾಳಿಯಲ್ಲೇ ಅಂಗೈ ಹಿಡಿದು ಆ ಗಲ್ಲದ ಉದ್ದಕ್ಕೂ ಇಳಿಸಿದರು. ಜ್ವರ ಬಂದಾಗ ನನ್ನ ಮಗಳಿಗೆ ಹಾಗೇ ಮಾಡುತ್ತಾರೆ.

"ಆಕೀ ಕಣ್ಣ ಈಗ ನೋಡ್ದೆ" ಅಂದರು ಹಿಂದಿರುಗಿ. "ಅವತ್ತ ಗೀರ ನೋಡೂದ್ರಾಗೇ ಆಗಿತ್ತು. ಕಣ್ಣ ನೋಡೇ ಇದ್ದಿಲ್ಲ."

ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಕಾವಲುಗಾರನನ್ನೂ ಕೂಡಿಸಿಕೊಂಡೆವು. ಅವನು ಮನೆಯಿಂದ ತಂದಿದ್ದ ಹುಳಿ ಮಜ್ಜಿಗೆ ನಮಗೆ ಕೊಟ್ಟ. ಅತ್ತೆಯವರು ಎರಡು ರೊಟ್ಟಿ ತಿಂದು ಮೂರನೆಯದು ಕೇಳಿದರು. ಹಿಂಡಿಗೆ ಉಪ್ಪು ಕಡಿಮೆಯಾಗಿದೆ ಅಂತಲೂ ಹೇಳಿದರು. ನಾನು ಸುಮ್ಮನೆ ಉಪ್ಪು ಕೊಟ್ಟೆ. ನಾವು ಉಣ್ಣುವಷ್ಟರಲ್ಲಿ ಒಂದು ಜೀಪಿನಲ್ಲಿ ಮತ್ತೊಂದು ಮನೆಯವರು ಬಂದರು, ಚಿತ್ತಾಪುರದವರಂತೆ. ಕಾವಲುಗಾರ ಕೈ ತೊಳೆದು ಅವರನ್ನು ಕರೆದುಕೊಂಡು ಹೋದ. ಕೊನೆಯ ಕಲ್ಲಿನ ಹತ್ತಿರ ಅವನು ಏನು ಹೇಳುತ್ತಾನೆ ಅಂತ ಕೇಳಲು ನಾನೂ ಮಗಳೂ ಕಿವಿ ನೆಟ್ಟು ಕೂತೆವು. ಗಾಳಿ ನಮ್ಮ ಕಡೆಗಿರಲಿಲ್ಲ. ಆದರೆ ಅವನು ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ನೆಲಕ್ಕೆ ಕುಟ್ಟಿ ತನ್ನ ಕಡೆಗೆ ಎಳೆದು ತೋರಿಸುವುದು ಕಂಡಿತು. ಬಂದವರೆಲ್ಲ ಬಗ್ಗಿ ನೋಡುತ್ತಿದ್ದರು.

ಸಂಜೆ ವಾಡಿಗೆ ಬಂದೆವು. ವಾರ ಕಳೆಯುವಷ್ಟರಲ್ಲಿ ನಾನು ಆ ರೇಷ್ಮೆ ಬ್ಲೌಸಿನಾಕೆಯನ್ನು ಕರೆದು ಹೇಳಿಬಿಟ್ಟೆ. ಪಟ್ಟಿ ಇರೋದು ತನಗೆ ಮೊದಲಿನಿಂದಲೂ ಗೊತ್ತು ಅಂದಳು. ಅದು ಬೇರೆ ಮಾತು.

ಹೇಳಬೇಕಾದದ್ದು ದಿಬ್ಬದಿಂದ ಬಂದ ಮರುದಿನ ಬೆಳಗಿನದು. ನಾನು ಮಷೀನಿನ ಮುಂದೆ ಕೂತಿದ್ದೆ. ಅಡುಗೆಮನೆಯಿಂದ ಹಾಲು ತಳ ಹಿಡಿದ ವಾಸನೆ ಬಂತು. ಅದರ ಹಿಂದೆಯೇ ಕರ್ ಕರ್ ಅಂತ ಸಪ್ಪಳ. ನನ್ನ ಮೈ ಜುಮ್ಮೆಂದಿತು. ಯಾರಿಗೆ ಹೇಳುತ್ತಿದ್ದೇನೆ ಅಂತ ಯೋಚಿಸುವ ಮೊದಲೇ, "ಕೆರೀಬ್ಯಾಡ, ನೀರ ಹಾಕಿ ಇಡು" ಅಂತ ಕೂಗಿದೆ. ಹದಿನಾಲ್ಕು ವರ್ಷದ ರೂಢಿ. ಎದ್ದು ಒಳಗೆ ಹೋದೆ.

ಅತ್ತೆಯವರು ಫರಸಿಯ ಮೇಲೆ ಕಾಲು ಚಾಚಿ ಕೂತು, ತೊಡೆಗಳ ನಡುವೆ ಪಾತೇಲಿ ಇಟ್ಟುಕೊಂಡು ಸ್ಟೀಲ್ ಚಮಚದಿಂದ ತಳ ಕೆರೆಯುತ್ತಿದ್ದರು. ಎದುರಿಗೆ ಮಗಳು ಸಕ್ಕರೆ ಡಬ್ಬಿ ಹಿಡಿದು ಕೂತಿದ್ದಳು.

"ಏನ ಆಗಂಗಿಲ್ಲ. ಇದು ಬರೀ ಪಾತೇಲಿ" ಅಂದರು ಅತ್ತೆಯವರು, ಚಮಚ ತುಂಬಿ ಮೊದಲ ತುತ್ತನ್ನು ನನ್ನ ಕಡೆಗೆ ಚಾಚಿ. "ಬಾ, ಕುಂದ್ರು."